ಬರೆದಿದ್ದಕ್ಕೆ ಕೂಲಿ ಕೇಳಿದ್ದು ತಪ್ಪಾ?

ಸ್ವಲ್ಪ ಉದ್ದದ ಪೋಸ್ಟ್, ಪುರುಸೊತ್ತಿದ್ದಾಗ ಓದಿ.

ಕಳೆದ ಭಾನುವಾರ ತಾಲ್ಲೂಕು ಸಭೆ ಮುಗಿಸಿ ಟೀ ಕುಡೀತಾ ನಿಂತಿದ್ವಿ. ಹಿರಿಯ ಸಂಗಾತಿಯೊಬ್ಬರು ಎಲ್ಲರ ಎದುರಿಗೇ ಕೇಳಿದ್ರು: "ಏನಮ್ಮಾ, ಹೋರಾಟದ ಕರಪತ್ರ ಬರೀತಿದ್ದ ಕೈ ಈಗ ಎನ್‌ಜಿಒಗಳಿಗೆ ದುಡ್ಡಿಗೆ ಬರೀತದಂತೆ?" ನಾಲ್ಕು ಜನ ನಕ್ಕರು. ನಾನೂ ನಕ್ಕೆ. ಮನೆಗೆ ಬಂದ ಮೇಲೆ ನಗು ಬರಲಿಲ್ಲ. ಅವತ್ತೇ ಕೊಡಬೇಕಾಗಿದ್ದ ಉತ್ತರ ಇವತ್ತು ಕೊಡ್ತಿದ್ದೀನಿ.

ಹೌದು ಅಣ್ಣ, ಬರೀತಿದ್ದೀನಿ. ದುಡ್ಡಿಗೇ ಬರೀತಿದ್ದೀನಿ. ಯಾಕೆ ಅಂತ ಹೇಳ್ತೀನಿ.

2022ರ ಕೊನೆಯಲ್ಲಿ ನಾನು ಸಭೆ, ಧರಣಿ ಎಲ್ಲಾ ಕಡೆಯಿಂದ ಕಾಣೆಯಾಗಿದ್ದು ನಿಮ್ಮಲ್ಲಿ ಬಹಳ ಜನಕ್ಕೆ ನೆನಪಿರಬಹುದು. ಅದಕ್ಕೂ ಮುಂಚೆ ಆರು ತಿಂಗಳಿಂದ ಬೆನ್ನು ನೋವು. ದಿನಾ ಕೂತು ಬಿಲ್ ಬರೆಯೋ ಗುಮಾಸ್ತಿ ಕೆಲಸ, ಅದಕ್ಕೇ ನೋವು ಅಂದ್ಕೊಂಡು ಮಾತ್ರೆ ನುಂಗಿದ್ದೇ ನುಂಗಿದ್ದು. ಸಂಜೆ ಆದ್ರೆ ಜ್ವರ, ರಾತ್ರಿ ಬೆವರು, ತೂಕ ಇಳೀತಾ ಬಂತು. ಒಂದಿನ ಬಸ್ಸು ಹತ್ತೋಕೆ ಕಾಲೇ ಮೇಲೆ ಬರಲಿಲ್ಲ. ಎಂಆರ್‌ಐ ಮಾಡಿಸಿ, ಬಯಾಪ್ಸಿ ಮಾಡಿಸಿ ಕೊನೆಗೆ ಹೇಳಿದ್ರು: ಬೆನ್ನುಮೂಳೆ ಟಿಬಿ. ಟಿಬಿ ಅಂದ್ರೆ ಕೆಮ್ಮು, ಕಫ ಅಷ್ಟೇ ಅಂದ್ಕೊಂಡಿದ್ದವಳು ನಾನು. ಅದು ಮೂಳೆಗೂ ಬರುತ್ತೆ, ಬಂದ್ರೆ ಆರು ತಿಂಗಳಲ್ಲಿ ಮುಗಿಯಲ್ಲ, ವರ್ಷದ ಮೇಲೆ ಮಾತ್ರೆ ತಗೋಬೇಕು ಅಂತ ಆಮೇಲೆ ಗೊತ್ತಾಯ್ತು.

ಮಾತ್ರೆ ಸರ್ಕಾರದ್ದು, ಬಿಟ್ಟಿ. ಅದರಲ್ಲಿ ದೂರು ಹೇಳೋದಿಲ್ಲ, ಆ ಮಾತ್ರೆಯಿಂದಲೇ ಇವತ್ತು ನಡೀತಿದ್ದೀನಿ. ಆದ್ರೆ ಹೊಟ್ಟೆ? ಎರಡು ತಿಂಗಳು ಸಂಬಳ ಕೊಟ್ಟ ಆಫೀಸು ಮೂರನೇ ತಿಂಗಳು ನಿಲ್ಲಿಸ್ತು. ಇಎಸ್‌ಐ ಇದ್ದವರಿಗೆ ಟಿಬಿ ಅಂಥ ದೊಡ್ಡ ಕಾಯಿಲೆಗೆ ಹೆಚ್ಚಿನ ಅವಧಿಯ ಸೌಲಭ್ಯ ಇದೆ, ನಿಯಮದ ಪ್ರಕಾರ ಕೂಲಿಯ 80 ಭಾಗ ಸಿಗುತ್ತೆ. ಆದ್ರೆ 10 ಜನಕ್ಕಿಂತ ಕಮ್ಮಿ ಇದ್ದ ನಮ್ಮಂಥ ಆಫೀಸಿಗೆ ಆಗ ಇಎಸ್‌ಐ ಅನ್ವಯಿಸ್ತಿರಲಿಲ್ಲ. ನಾವಿದ್ದಿದ್ದು ಆರು ಜನ. ಟಿಬಿ ರೋಗಿಗಳಿಗೆ ನಿಕ್ಷಯ್ ಪೋಷಣ್ ಯೋಜನೆಯಲ್ಲಿ ತಿಂಗಳಿಗೆ 500 ರೂಪಾಯಿ ಬರ್ತಿತ್ತು. 2024ರ ನವೆಂಬರಿನಿಂದ ಅದು 1,000 ಆಗಿದೆ. ನನ್ನ ಕಾಲಕ್ಕೆ 500.

ಆಗಲೇ ಒಂದು ಸಂಸ್ಥೆಯವರು ಆಹಾರದ ಕಿಟ್ ತಂದುಕೊಟ್ರು. ಬೇಳೆ, ಎಣ್ಣೆ, ಕಡ್ಲೆಬೀಜ, ಹಾಲಿನ ಪುಡಿ. ಸೊಂಟಕ್ಕೆ ಬೆಲ್ಟು ಕಟ್ಟಿಕೊಂಡು ಎದ್ದು ಕೂತೆ, ಫೋಟೋ ತೆಗೆದ್ರು. ಕೊಟ್ಟಿದ್ದನ್ನ ತಿಂದಿದ್ದೀನಿ, ಋಣ ಮರೆಯೋದಿಲ್ಲ.

ನಾಲ್ಕು ತಿಂಗಳಾದ ಮೇಲೆ ಪರಿಚಯದವರೊಬ್ಬರು ವಾಟ್ಸಾಪಲ್ಲಿ ಒಂದು ಪಿಡಿಎಫ್ ಕಳಿಸಿದ್ರು, "ಇದು ನೀವೇ ಅಲ್ವಾ ಅಕ್ಕ?" ಅಂತ. ನಾನೇ. ಕೆಳಗೆ ಇಂಗ್ಲಿಷಲ್ಲಿ ನನ್ನ ಕತೆ. ನಾನು ಓದು ಬರಹ ಬಾರದ, ಗತಿಯಿಲ್ಲದ ದಲಿತ ವಿಧವೆಯಂತೆ. ಸಂಸ್ಥೆಯವರು ದೇವರ ಹಾಗೆ ಬಂದ್ರು ಅಂತ ನಾನು ಕಣ್ಣೀರು ಹಾಕಿ ಹೇಳಿದ್ನಂತೆ. ನಮ್ಮ ಯಜಮಾನ್ರು ಪಕ್ಕದಲ್ಲೇ ಕೂತು ಟೀ ಕುಡೀತಿದ್ರು. ಅವರಿಗೆ ಓದಿ ಹೇಳಿದೆ. "ನನ್ನ ತಿಥಿಗೆ ನನ್ನನ್ನೂ ಕರಿ" ಅಂದ್ರು. ನಕ್ಕಿದ್ದಕ್ಕೆ ಬೆನ್ನು ನೋವು ಬಂತು. ಆಮೇಲೆ ರಾತ್ರಿಯೆಲ್ಲಾ ನಿದ್ದೆ ಬರಲಿಲ್ಲ. ಬಿ.ಎ. ಓದಿದೋಳು ನಾನು. ಹಾಸ್ಟೆಲಲ್ಲಿ ಹುಳ ಬಿದ್ದ ಅನ್ನ ಉಂಡು ಪಾಸು ಮಾಡಿದ ಬಿ.ಎ. ಅದನ್ನ ಒಂದು ಗೆರೆಯಲ್ಲಿ ಅಳಿಸಿ ಹಾಕಿದ್ರು.

ಫೋನ್ ಮಾಡಿದೆ. ಎತ್ತಿದ ಹುಡುಗ ಒಳ್ಳೆಯವನು. "ಸಾರಿ ಅಕ್ಕ, ಬೆಂಗಳೂರಲ್ಲಿ ಫ್ರೀಲಾನ್ಸ್ ಮಾಡೋರು ಒಬ್ರು ಬರ್ಕೊಡ್ತಾರೆ, ಅವರು ನಿಮ್ಮನ್ನ ನೋಡಿಲ್ಲ, ನಾವು ಫೋಟೋ ಮಾತ್ರ ಕಳಿಸಿದ್ವಿ" ಅಂದ. ಒಂದು ಕತೆಗೆ ಎಷ್ಟಪ್ಪಾ ಕೊಡ್ತೀರಿ ಅಂದೆ. ಮೂರು ಸಾವಿರ ಅಂದ.

ಮೂರು ಸಾವಿರ. ನನ್ನ ಆರು ತಿಂಗಳ ಪೋಷಣೆ ಹಣ.

ಅವತ್ತು ಮಲಗಿದ ಕಡೆಯಿಂದಲೇ ಮೊಬೈಲಲ್ಲಿ ಮಾತಾಡಿ ಟೈಪ್ ಮಾಡಿ, ತಿದ್ದಿ, ನನ್ನ ಕತೆ ನಾನೇ ಬರೆದು ಕಳಿಸಿದೆ. ಹಳೇದು ತೆಗೆದು ಇದನ್ನೇ ಹಾಕಿದ್ರು. ವಾರ ಬಿಟ್ಟು ಸಂಸ್ಥೆಯ ಮುಖ್ಯಸ್ಥರೇ ಫೋನ್ ಮಾಡಿದ್ರು. "ಬಹಳ ಚೆನ್ನಾಗಿದೆಯಮ್ಮ, ಇನ್ನೂ ಒಂದಷ್ಟು ಬರ್ಕೊಡಿ. ನೀವು ಸಮುದಾಯದವರೇ, ಸೇವೆ ಅಂತ ಮಾಡಿ." ನಾಲ್ಕು ಕತೆ ಸೇವೆ ಅಂತ ಬರ್ಕೊಟ್ಟೆ. ಐದನೇದಕ್ಕೆ ಕೇಳಿದಾಗ ನನಗೆ ನಮ್ಮಜ್ಜ ನೆನಪಾದ.

ನಮ್ಮಜ್ಜ ಊರಿಗೆ ಕುಳವಾಡಿ. ದೊಡ್ಡವರ ಮನೇಲಿ ಸಾವಾದ್ರೆ ನೆಂಟರ ಊರುಗಳಿಗೆ ಸುದ್ದಿ ಒಯ್ಯೋದು ಅವನ ಕೆಲಸ. ಮಳೆ ಇರಲಿ, ರಾತ್ರಿ ಇರಲಿ, ಹತ್ತು ಹನ್ನೆರಡು ಮೈಲಿ ನಡಿಗೆ. ಆ ಊರಲ್ಲಿ ಅಂಗಳದಾಚೆ ನಿಂತು ಕೂಗಿ ಹೇಳಿ, ಹಾಕಿದ ಮುದ್ದೆ ತಿಂದು ವಾಪಸ್ಸು. ಇದಕ್ಕೆ ಇಷ್ಟು ಅಂತ ಕೂಲಿ ಇಲ್ಲ. ಸುಗ್ಗಿಯಲ್ಲಿ ಕಣದಲ್ಲಿ ಕೊಟ್ಟಷ್ಟು ಆಯ. ಕೇಳೋ ಹಾಗಿಲ್ಲ, ಕೊಟ್ಟಷ್ಟು ಇಸ್ಕೋಬೇಕು. ವಂಶಪಾರಂಪರ್ಯದ ಗ್ರಾಮ ಚಾಕರಿಗಳನ್ನ ರದ್ದು ಮಾಡೋ ಕಾನೂನು ನಮ್ಮ ರಾಜ್ಯದಲ್ಲಿ 1961ರಲ್ಲೇ ಬಂತು. ಜೀತ ರದ್ದತಿ ಕಾಯಿದೆ 1976ರಲ್ಲಿ. ನಾನು 2023ರಲ್ಲಿ ಮತ್ತೆ ಸುದ್ದಿ ಹೊರ್ತಾ ಇದ್ದೆ, ಕೇರಿಯಿಂದ ದಾನಿಗಳ ತನಕ. ಮತ್ತೆ ಕೇಳೋ ಹಾಗಿರಲಿಲ್ಲ.

ಕೇಳಿದೆ. "ಸಾರ್, ಬೆಂಗಳೂರಿನವರಿಗೆ ಎಷ್ಟು ಕೊಡ್ತೀರೋ ಅಷ್ಟೇ ಕೊಡಿ" ಅಂದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಎರಡು ವಾರ ಫೋನೂ ಇಲ್ಲ. ಆಮೇಲೆ 1,500ಕ್ಕೆ ಬಂದ್ರು, 2,000ಕ್ಕೆ ಒಪ್ಪಿದ್ರು. ಮೂರು ಸಾವಿರ ಆಗೋಕೆ ಒಂದು ವರ್ಷ ಹಿಡೀತು. ಹೀಗೆ ಶುರುವಾಗಿದ್ದು ನನ್ನ 'ಕಾಪಿರೈಟಿಂಗ್'. ನಮ್ಮ ತಮ್ಮ "ಕಾಪಿ ಹೊಡೆಯೋ ಕೆಲಸಾನಾ ಅಕ್ಕ?" ಅಂದಿದ್ದ. ಅಲ್ಲಪ್ಪಾ. ಸಂಸ್ಥೆಗಳ ವಾರ್ಷಿಕ ವರದಿ, ದಾನಿಗಳಿಗೆ ಪತ್ರ, ಯೋಜನೆಯ ಪ್ರಸ್ತಾವನೆ, ಕರಪತ್ರ, ವೆಬ್‌ಸೈಟಿನ ಬರಹ, ಜನರ ಕತೆ, ಇಂಗ್ಲಿಷಿನದ್ದು ಕನ್ನಡಕ್ಕೆ. ಇಪ್ಪತ್ತು ವರ್ಷ ತಹಶೀಲ್ದಾರರಿಗೆ, ಡಿಸಿಗೆ ಮನವಿ ಪತ್ರ ಬರೆದಿದ್ದೀನಲ್ಲ, ಆ ವಿದ್ಯೆಯೇ ಇಲ್ಲಿ ಕೈ ಹಿಡೀತು. ಯಾರಿಗೆ ಏನು ಬೇಕು, ಯಾಕೆ ಬೇಕು, ಎಷ್ಟು ಬೇಕು, ಯಾವಾಗ ಬೇಕು. ಮನವಿಯೂ ಅದೇ, ಪ್ರಸ್ತಾವನೆಯೂ ಅದೇ.

ಈಗ ಹಿರಿಯರ ಮಾತಿಗೆ ಬರ್ತೀನಿ. ಸೇವೆ ಬೇರೆ, ಕೂಲಿ ಬೇರೆ ಅನ್ನೋದು ನನಗೂ ಗೊತ್ತು. ಆದ್ರೆ ಸೇವೆ ಅನ್ನೋ ಮಾತು ಯಾರ ಹತ್ರ ಮಾತ್ರ ಹೇಳ್ತಾರೆ ಅಂತ ನೋಡಿ. ಕಂಪನಿ ಕಾಯಿದೆ 2013ರ ಪ್ರಕಾರ ದೊಡ್ಡ ಕಂಪನಿಗಳು ಲಾಭದ ಸರಾಸರಿಯಲ್ಲಿ ಶೇ. 2 ಭಾಗ ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕು, 2014ರಿಂದ ಜಾರಿಯಲ್ಲಿದೆ. ಆ ದುಡ್ಡಲ್ಲಿ ನಡೆಯೋ ಕಾರ್ಯಕ್ರಮದಲ್ಲಿ ಶಾಮಿಯಾನದವನಿಗೆ ದುಡ್ಡು ಉಂಟು, ವಿಡಿಯೋದವನಿಗೆ ಉಂಟು, ಕಾರಿಗೆ ಉಂಟು, ಪ್ರಿಂಟಿಂಗ್ ಪ್ರೆಸ್ಸಿಗೆ ಉಂಟು. ಪ್ರೆಸ್ಸಿನವನ ಹತ್ರ ಯಾರೂ "ಸೇವೆ ಅಂತ ಅಚ್ಚು ಹಾಕಿಕೊಡು" ಅನ್ನಲ್ಲ. ಕೇರಿಯ ಹೆಣ್ಣುಮಗಳು ಕೇರಿಯ ಬಗ್ಗೆ ಬರೆದ್ರೆ ಮಾತ್ರ ಅದು ಸೇವೆ. ನಮ್ಮ ಅನುಭವ ನಮಗೆ ಹುಟ್ಟಿನಿಂದ ಬಂದಿದ್ದು, ಅದಕ್ಕೇನು ಶ್ರಮ ಅಂತ ಅವರ ಲೆಕ್ಕ. ಅನುಭವ ಹುಟ್ಟಿನಿಂದ ಬಂದಿರಬಹುದು, ವಾಕ್ಯ ಹುಟ್ಟಿನಿಂದ ಬಂದಿಲ್ಲ. ಅದನ್ನ ಕಲಿತಿದ್ದೀನಿ.

ಸಣ್ಣ ಸಂಸ್ಥೆಗಳ ಕಷ್ಟವೂ ನಿಜ. ವಿದೇಶಿ ದೇಣಿಗೆ ಕಾಯಿದೆಗೆ 2020ರಲ್ಲಿ ತಿದ್ದುಪಡಿ ತಂದು ಆಡಳಿತದ ಖರ್ಚಿನ ಮಿತಿಯನ್ನ ಶೇ. 50ರಿಂದ 20ಕ್ಕೆ ಇಳಿಸಿದ್ರು. ಒಂದು ಸಂಸ್ಥೆ ಇನ್ನೊಂದಕ್ಕೆ ಆ ಹಣ ದಾಟಿಸೋದನ್ನೂ ನಿಲ್ಲಿಸಿದ್ರು. ಹಳ್ಳಿ ಕಡೆಯ ಎಷ್ಟೋ ಪ್ರಾಮಾಣಿಕ ಸಂಸ್ಥೆಗಳಿಗೆ ಇದರಿಂದ ಉಸಿರು ಕಟ್ಟಿದೆ. ಅಂಥವರಿಗೆ ಕಮ್ಮಿಗೆ ಬರ್ಕೊಡ್ತೀನಿ, ಒಂದೊಂದು ಸಲ ಬಿಟ್ಟಿಯಾಗೂ ಬರ್ಕೊಡ್ತೀನಿ. ಅದನ್ನ ತೀರ್ಮಾನ ಮಾಡೋದು ನಾನು. ಇಷ್ಟೇ ನನ್ನ ವಾದ.

ದುಡ್ಡು ಮುಟ್ಟಿದ್ರೆ ಹೋರಾಟ ಮೈಲಿಗೆ ಅನ್ನೋರಿಗೆ ಒಂದು ನೆನಪು. ಬಾಬಾಸಾಹೇಬರು 1920ರ ಜನವರಿ 31ಕ್ಕೆ 'ಮೂಕನಾಯಕ' ಶುರು ಮಾಡಿದಾಗ ಕೊಲ್ಲಾಪುರದ ಶಾಹು ಮಹಾರಾಜರು 2,500 ರೂಪಾಯಿ ಕೊಟ್ಟಿದ್ರು. ಆ ಪತ್ರಿಕೆ ಕೆಲವೇ ವರ್ಷಕ್ಕೆ ನಿಂತಿತು. 1927ರಲ್ಲಿ 'ಬಹಿಷ್ಕೃತ ಭಾರತ' ಶುರು ಮಾಡಿದ್ರು, ಅದನ್ನೂ ಹಣದ ಮುಗ್ಗಟ್ಟು ಬಿಡಲಿಲ್ಲ. ಅಕ್ಷರಕ್ಕೆ ಹಣ ಬೇಕು ಅನ್ನೋದನ್ನ ಅವರಷ್ಟು ಅನುಭವಿಸಿದವರು ಯಾರಿದ್ದಾರೆ?

ಇನ್ನೊಂದು ಮಾತು ಹೇಳದೆ ಈ ಪೋಸ್ಟ್ ಮುಗಿಸಿದ್ರೆ ಅದು ಮೋಸ. ಬೇರೆಯವರು ನನಗೆ ಮಾಡಿದ್ದನ್ನೇ ನಾನೂ ಮಾಡಿದ್ದೀನಿ. ಒಬ್ಬ ಪೌರಕಾರ್ಮಿಕ ತಾಯಿಯ ಮಗನ ಓದಿನ ಬಗ್ಗೆ ದೇಣಿಗೆ ಪತ್ರ ಬರೆದೆ. ಹೆಸರು ಬದಲಾಯಿಸಿದ್ದೆ. ಆದ್ರೆ ಓಣಿ, ಶಾಲೆ, ತಾಯಿಯ ಕೆಲಸ ಎಲ್ಲಾ ಬಿಡಿಸಿ ಬರೆದಿದ್ದೆ. ಓದಿದವರ ಕರುಳು ಚುರುಕ್ ಅನ್ನಲಿ ಅಂತ ಮನೇಲಿ ಒಲೆ ಹಚ್ಚದ ದಿನಗಳನ್ನೂ ಸೇರಿಸಿದ್ದೆ. ಅದು ಸಂಸ್ಥೆಯ ಫೇಸ್‌ಬುಕ್ ಪೇಜಿಗೂ ಹೋಯ್ತು. ಶಾಲೆಯ ಹುಡುಗರಿಗೆ ಗುರುತು ಸಿಕ್ಕಿತು, ಆಡಿಕೊಂಡ್ರು. ಹುಡುಗ ಹತ್ತು ದಿನ ಶಾಲೆಗೆ ಹೋಗಲಿಲ್ಲ. ಆ ತಾಯಿ ನನ್ನ ಮನೆ ಬಾಗಿಲಿಗೆ ಬಂದು ಕೇಳಿದ್ದು ಒಂದೇ ಮಾತು: "ನೀವು ನಮ್ಮೋರು ಅಂತ ಹೇಳಿದ್ನಲ್ಲವ್ವಾ?" ಬೈದಿದ್ರೆ ಚೆನ್ನಾಗಿತ್ತು. ಪತ್ರ ತೆಗೆಸಿದೆ, ಹುಡುಗನ ಹತ್ರ ಕೂತು ಕ್ಷಮೆ ಕೇಳಿದೆ. ಅವನು ತಲೆ ಎತ್ತಲಿಲ್ಲ.

ನಮ್ಮವರೇ ಬರೆದ್ರೆ ತಾನಾಗಿ ಸರಿ ಇರುತ್ತೆ ಅನ್ನೋ ಅಹಂಕಾರ ಅವತ್ತು ಇಳೀತು. ಈಗ ಯಾರ ಕತೆ ಬರೀತೀನೋ ಅವರಿಗೆ ಕನ್ನಡದಲ್ಲಿ ಪೂರ್ತಿ ಓದಿ ಹೇಳ್ತೀನಿ. ತೆಗಿ ಅಂದಿದ್ದು ತೆಗೀತೀನಿ. ಅವರು ಒಪ್ಪದೆ ಕಳಿಸೋದಿಲ್ಲ. ಈ ಕಾರಣಕ್ಕೆ ಎರಡು ಸಂಸ್ಥೆಯವರು ನನ್ನನ್ನ ಬಿಟ್ಟರು, "ಅಷ್ಟು ಟೈಮಿಲ್ಲ ಮೇಡಂ" ಅಂತ. ಬಿಡಲಿ.

ಈ ಕೆಲಸಕ್ಕೆ ಬರಬೇಕು ಅಂತ ಇನ್‌ಬಾಕ್ಸಲ್ಲಿ ಕೇಳಿರೋ ತಮ್ಮ ತಂಗಿಯರಿಗೆ, ನಾನು ಬಿದ್ದು ಕಲಿತಿದ್ದು:

1. ಇರೋ ಕೆಲಸ ಬಿಡಬೇಡಿ. ನಾನೀಗ ಅರ್ಧ ದಿನ ಆಫೀಸು, ಅರ್ಧ ಸಂಬಳ. ಮಧ್ಯಾಹ್ನದ ಮೇಲೆ ಬರವಣಿಗೆ. ಒಂದು ತಿಂಗಳು 9,000 ಬಂದ್ರೆ ಇನ್ನೊಂದು ತಿಂಗಳು ಸೊನ್ನೆ.

2. ಮೊದಲು ಮೂರು ಮಾದರಿ ಬರೆದು ಇಟ್ಕೊಳ್ಳಿ: ಒಬ್ಬರ ಕತೆ, ಒಂದು ದೇಣಿಗೆ ಪತ್ರ, ಎರಡು ಪುಟದ ವರದಿ. ನಿಮ್ಮ ಸಂಘದ ಕೆಲಸದ ಮೇಲೇ ಬರೀರಿ. ಸರ್ಟಿಫಿಕೇಟ್ ಯಾರೂ ಕೇಳಲ್ಲ, ಇದನ್ನ ಕೇಳ್ತಾರೆ.

3. ಎಷ್ಟು ಪುಟ, ಎಷ್ಟು ಸಲ ತಿದ್ದೋದು, ಎಷ್ಟು ದುಡ್ಡು, ಯಾವತ್ತು ಕೊಡ್ತಾರೆ, ಎಲ್ಲಾ ಇಮೇಲಲ್ಲಿ ಬರಲಿ. ಅರ್ಧ ಮುಂಗಡ ಕೇಳಿ. ಬಾಯಿ ಮಾತಿನ ಕೂಲಿ ಏನಾಗುತ್ತೆ ಅಂತ ನಮ್ಮ ಜನಕ್ಕೆ ಹೇಳಿಕೊಡಬೇಕಾಗಿಲ್ಲ.

4. ಪ್ಯಾನ್ ಕಾರ್ಡು, ಬ್ಯಾಂಕ್ ಖಾತೆ ಸರಿ ಇರಲಿ. ಟಿಡಿಎಸ್ ಅಂತ ಶೇ. 10 ಹಿಡಿದ್ರೆ ಹೆದರಬೇಡಿ. ತೆರಿಗೆ ಕಟ್ಟುವಷ್ಟು ಆದಾಯ ಇಲ್ಲದಿದ್ರೆ ರಿಟರ್ನ್ ಹಾಕಿ ವಾಪಸ್ ತಗೋಬಹುದು.

5. ಕಾಯಿಲೆಯಿಂದ ಎದ್ದವರು ಮೈ ಮಾತು ಕೇಳಿ. ನಾನು 40 ನಿಮಿಷದ ಮೇಲೆ ಕೂರೋದಿಲ್ಲ, ಉಳಿದಿದ್ದು ಮಲಗಿ ಬರೀತೀನಿ. ನಾಳೆಗೇ ಬೇಕು ಅಂದವರಿಗೆ ಆಗಲ್ಲ ಅಂತೀನಿ. ಮೊದಮೊದಲು ಹಾಗನ್ನೋಕೆ ಬಾಯಿ ಬರ್ತಿರಲಿಲ್ಲ.

ಕೊನೆಗೆ, ಆ ಹಿರಿಯ ಅಣ್ಣನಿಗೆ. ನಿಮ್ಮ ಮೇಲೆ ಸಿಟ್ಟಿಲ್ಲ. ನನಗೆ ಕರಪತ್ರ ಬರೆಯೋಕೆ ಕಲಿಸಿದ್ದೇ ನೀವು. ನಾನು ಹಾಸಿಗೆ ಹಿಡಿದಾಗ ಸಂಘದವರು ಚಂದಾ ಎತ್ತಿ ಕೊಟ್ಟಿದ್ದು ಮರೆತಿಲ್ಲ. ಆದ್ರೆ ಚಂದಾ ಎರಡು ಸಲ ಎತ್ತಬಹುದು, ಮೂರನೇ ಸಲ ಎತ್ತೋಕೆ ಯಾರಿಗೂ ಆಗಲ್ಲ. ನಮ್ಮ ಕಾರ್ಯಕರ್ತರು ಕಾಯಿಲೆ ಬಿದ್ದಾಗ ಏನಾಗ್ತಾರೆ ಅಂತ ನಾವು ಎಷ್ಟು ಸಭೆಯಲ್ಲಿ ಚರ್ಚೆ ಮಾಡಿದ್ದೀವಿ? ಶ್ರದ್ಧಾಂಜಲಿ ಸಭೆ ಮಾತ್ರ ಚೆನ್ನಾಗಿ ಮಾಡ್ತೀವಿ. ಕೈಯಲ್ಲಿ ಒಂದು ವಿದ್ಯೆ, ಅದಕ್ಕೊಂದು ಕೂಲಿ ಇದ್ರೆ ಕಾರ್ಯಕರ್ತೆ ಇನ್ನೊಂದಷ್ಟು ವರ್ಷ ಹೋರಾಟದಲ್ಲಿ ಉಳೀತಾಳೆ. ನಾನು ಉಳಿಯೋಕೆ ಅಂತಲೇ ದುಡ್ಡಿಗೆ ಬರೀತಿದ್ದೀನಿ.

ಏಪ್ರಿಲ್ 14ರ ಕರಪತ್ರ ಈ ವರ್ಷವೂ ನಾನೇ ಬರೀತೀನಿ. ಹಕ್ಕೊತ್ತಾಯಗಳ ಪಟ್ಟಿ ಬೇಗ ಕಳಿಸಿ. ಅದಕ್ಕೆ ದುಡ್ಡು ಬೇಡ ಅಣ್ಣ, ಟೀ ಮಾತ್ರ ನಿಮ್ಮದು.

ಜೈ ಭೀಮ್.