ಒಪ್ಪೋಲೆಯಿಲ್ಲದ ಫೋನು

ಹಳೆಯ ಕನ್ನಡ ಪುಸ್ತಕಗಳನ್ನು ಓದಿದವರಿಗೆ ‘ಒಪ್ಪೋಲೆ’ಯ ಪರಿಚಯ ಇದ್ದೇ ಇರುತ್ತದೆ. ಪುಸ್ತಕದ ಮೊದಲಿನಲ್ಲಿಯೋ ಕೊನೆಯಲ್ಲಿಯೋ ಒಂದು ಹಾಳೆ. ಅದರಲ್ಲಿ ಪುಟ, ಸಾಲು, ತಪ್ಪು, ಒಪ್ಪು ಎಂದು ನಾಲ್ಕು ಕಲಮುಗಳು. ಅಚ್ಚಿನ ಮನೆಯವರು ತಮ್ಮ ತಪ್ಪುಗಳನ್ನು ತಾವೇ ಹುಡುಕಿ, ಪುಸ್ತಕ ಓದುಗನ ಕೈಸೇರುವ ಮೊದಲೇ ಒಪ್ಪಿಕೊಳ್ಳುತ್ತಿದ್ದ ಆ ಸೌಜನ್ಯವನ್ನು ವಿದ್ಯಾರ್ಥಿಯಾಗಿದ್ದಾಗ ನಾನು ಗಮನಿಸಿರಲಿಲ್ಲ. ಅದರ ಬೆಲೆ ತಿಳಿದುದು 2023ರಲ್ಲಿ, ಹೊಸದೊಂದು ಮೊಬೈಲ್ ಫೋನು ಕೊಂಡ ಮೇಲೆ.

ಆ ವರ್ಷದ ಸೆಪ್ಟೆಂಬರಿನಲ್ಲಿ ನನ್ನ ಹಳೆಯ ಫೋನನ್ನು ಅವ್ವನಿಗೆ ಕೊಟ್ಟು, ಕೊಳ್ಳೇಗಾಲದ ಅಂಗಡಿಯೊಂದರಲ್ಲಿ ಆಗತಾನೆ ಮಾರುಕಟ್ಟೆಗೆ ಬಂದಿದ್ದ ಮಾದರಿಯನ್ನು ಕೊಂಡೆ. ಮೊದಲ ವಾರದಲ್ಲಿಯೇ ಅದರ ಗುಣಗಳು ಒಂದೊಂದಾಗಿ ಪ್ರಕಟವಾದುವು. ಕರೆ ಬಂದರೆ ಕೆಲವು ಕ್ಷಣ ಎದುರಿನವರ ದನಿ ಕೇಳಿಸದು. ‘ಅಕ್ಷರ’ ಎಂದು ಬರೆಯಹೊರಟರೆ ಒತ್ತಕ್ಷರವು ತನ್ನ ತಾಯಕ್ಷರವನ್ನು ಬಿಟ್ಟು, ಚುಕ್ಕಿಗಳಿಂದಾದ ಬಳೆಯೊಂದಕ್ಕೆ ಜೋತುಬೀಳುವುದು. ಕನ್ನಡ ಕಲಿಸುವವನಿಗೆ ಇದಕ್ಕಿಂತ ಹೆಚ್ಚಿನ ಅವಮಾನ ಬೇಕೆ? ಅಂಗಡಿಗೆ ಹೋಗಿ ದೂರಿದೆ. ಅಲ್ಲಿಯ ಹುಡುಗ ನಗುತ್ತಲೇ, “ಹೊಸ ಮಾಡಲ್ ಅಲ್ವಾ ಸಾ, ಮೊದಮೊದ್ಲು ಹಿಂಗೇಯ. ಅಪ್‌ಡೇಟ್ ಬತ್ತದೆ, ಸರಿಯಾಯ್ತದೆ ಬುಡಿ” ಎಂದ. ಯಾವಾಗ ಬರುತ್ತದೆಂದು ಕೇಳಿದೆ. ಅದು ಅವನಿಗೂ ತಿಳಿಯದು. ತಿಳಿದವರು ಯಾರೆಂಬುದೂ ತಿಳಿಯದು.

ಇಷ್ಟೇ ಆಗಿದ್ದರೆ ನಕ್ಕು ಸುಮ್ಮನಾಗಬಹುದಾಗಿತ್ತು. ಆದರೆ 2023ರ ಅಕ್ಟೋಬರ್ 12ರಂದು ಕೇಂದ್ರ ಸರಕಾರದ ದೂರಸಂಪರ್ಕ ಇಲಾಖೆಯವರು ಕರ್ನಾಟಕದಲ್ಲಿ ತುರ್ತು ಎಚ್ಚರಿಕೆಯ ವ್ಯವಸ್ಥೆಯೊಂದನ್ನು ಪರೀಕ್ಷಿಸಿದರು. ನೆರೆಯೋ ಭೂಕಂಪವೋ ಒದಗಿದಾಗ, ಆ ಪ್ರದೇಶದಲ್ಲಿರುವ ಫೋನುಗಳೆಲ್ಲ ಏಕಕಾಲಕ್ಕೆ ಕೂಗಿಕೊಳ್ಳುವಂತೆ ಮಾಡುವ ಏರ್ಪಾಡು ಅದು. ಅಧ್ಯಾಪಕರ ಕೊಠಡಿಯಲ್ಲಿ ಮೇಜುಗಳ ಮೇಲಿದ್ದ ಫೋನುಗಳು ಒಮ್ಮೆಗೇ ಅರಚಿದುವು. ನನ್ನದು ಮಾತ್ರ ಮೌನವಾಗಿತ್ತು. ಸಂಜೆ ಮುಳ್ಳೂರಿಗೆ ಹಿಂದಿರುಗಿದಾಗ ಅವ್ವ, “ನನ್ ಫೋನು ಆಪಾಟಿ ಬಡ್ಕತು, ನಿನ್ ಹೊಸದ್ಯಾಕಪ್ಪ ಬಾಯೇ ಬುಡ್ನಿಲ್ಲ?” ಎಂದು ಕೇಳಿದಳು.

ನಮ್ಮ ಊರಿನವರಿಗೆ ಇದು ಹಾಸ್ಯದ ಪ್ರಶ್ನೆಯಲ್ಲ. ಮುಳ್ಳೂರು ಕಾವೇರಿಯ ಮಗ್ಗುಲಿನ ಊರು. ಕೃಷ್ಣರಾಜಸಾಗರದಿಂದಲೂ ಕಬಿನಿ ಅಣೆಕಟ್ಟಿನಿಂದಲೂ ಹೆಚ್ಚು ನೀರು ಬಿಟ್ಟರೆ, ಎರಡು ನದಿಗಳೂ ತಿರುಮಕೂಡಲಿನಲ್ಲಿ ಸೇರಿ ನಮ್ಮ ಕಡೆಗೇ ಹರಿದುಬರುತ್ತವೆ. 2018 ಮತ್ತು 2019ರ ಆಗಸ್ಟ್ ತಿಂಗಳುಗಳಲ್ಲಿ ಕೊಳ್ಳೇಗಾಲ ತಾಲ್ಲೂಕಿನ ನದೀತೀರದ ಊರುಗಳಿಗೆ ನೀರು ನುಗ್ಗಿದುದನ್ನು ಕಂಡವರು ನಾವು. ಅಂಥ ರಾತ್ರಿ ಕೂಗಬೇಕಾದ ಫೋನು ಕೂಗದಿದ್ದರೆ ಯಾರನ್ನು ಕೇಳಬೇಕು? ಅಂಗಡಿಯ ಹುಡುಗ, “ಅದೂ ಅಪ್‌ಡೇಟಲ್ಲೇ ಬತ್ತದೆ” ಎಂದ. ಅದು ಬಂದುದು ಮರುವರ್ಷದ ಮಾರ್ಚಿನಲ್ಲಿ.

ಈ ವಿಳಂಬಕ್ಕೆ ಕಾರಣಗಳಿಲ್ಲವೆಂದಲ್ಲ. ಆಂಡ್ರಾಯ್ಡ್ ತಂತ್ರಾಂಶವನ್ನು ಗೂಗಲ್ ಸಂಸ್ಥೆ ತಿದ್ದುತ್ತದೆ. ಆ ತಿದ್ದುಪಡಿಯನ್ನು ಚಿಪ್ ಮಾಡುವವರು ತಮ್ಮ ಚಿಪ್ಪಿಗೆ ಹೊಂದಿಸಬೇಕು. ಬಳಿಕ ಫೋನಿನ ಕಂಪನಿಯವರು ತಮ್ಮ ಒಂದೊಂದು ಮಾದರಿಗೂ ಅಳವಡಿಸಿ, ಪರೀಕ್ಷಿಸಿ, ಕಂತುಕಂತಾಗಿ ಹಂಚಬೇಕು. ಅವಸರದಲ್ಲಿ ಕಳುಹಿಸಿದ ತಿದ್ದುಪಡಿಯು ಇದ್ದ ಫೋನನ್ನೂ ಕೆಡಿಸುವುದುಂಟು. ಈ ಸರಪಳಿಯನ್ನು ಮೊಟಕುಗೊಳಿಸುವ ಪ್ರಯತ್ನಗಳೂ ನಡೆದಿವೆ. 2014ರ ಸೆಪ್ಟೆಂಬರಿನಲ್ಲಿ ‘ಆಂಡ್ರಾಯ್ಡ್ ಒನ್’ ಎಂಬ ಹೆಸರಿನ ಅಗ್ಗದ ಫೋನುಗಳು ಭಾರತದಲ್ಲಿಯೇ ಮೊದಲು ಮಾರಾಟಕ್ಕೆ ಬಂದುವು. ಬೆಲೆ 6,399 ರೂಪಾಯಿಗಳಿಂದ ಆರಂಭ. ತಿದ್ದುಪಡಿಗಳು ಗೂಗಲಿನಿಂದ ನೇರವಾಗಿ ಬರುವುವೆಂಬ ಭರವಸೆ. 2017ರ ಎಂಟನೆಯ ಆವೃತ್ತಿಯಲ್ಲಿ ಚಿಪ್ಪಿಗೆ ಸೇರಿದ ಭಾಗವನ್ನೂ ಉಳಿದ ತಂತ್ರಾಂಶವನ್ನೂ ಬೇರ್ಪಡಿಸಿ ಕೆಲಸವನ್ನು ಹಗುರಗೊಳಿಸಿದರು. ಆದುದರಿಂದ ದೋಷವಿರುವುದೇ ಅಪರಾಧವೆಂದು ನಾನು ವಾದಿಸುತ್ತಿಲ್ಲ. ತಪ್ಪಿಲ್ಲದ ಪುಸ್ತಕವನ್ನು ನಾನೂ ಕಂಡಿಲ್ಲ.

ನನ್ನ ತಕರಾರು ಬೇರೆ. ತಿದ್ದುಪಡಿಯ ವೇಗವು ದೋಷದ ಗಾತ್ರವನ್ನು ಅನುಸರಿಸುವುದಿಲ್ಲ. ದೂರು ಕೊಡುವವನ ಗಾತ್ರವನ್ನು ಅನುಸರಿಸುತ್ತದೆ. ಕನ್ನಡದ ಅನುಭವವನ್ನೇ ನೋಡಿ. ಮೊದಲ ಆಂಡ್ರಾಯ್ಡ್ ಫೋನು ಮಾರುಕಟ್ಟೆಗೆ ಬಂದುದು 2008ರಲ್ಲಿ. ಕನ್ನಡಕ್ಕೆ ಅದರಲ್ಲಿ ಸ್ಥಾನ ದೊರೆತುದು 2012ರ 4.1ನೆಯ ಆವೃತ್ತಿಯಲ್ಲಿ, ತೆಲುಗು ಮಲಯಾಳಗಳ ಜೊತೆಗೆ. ಅಲ್ಲಿಯವರೆಗೆ ನಮ್ಮ ನುಡಿ ಅನೇಕ ಫೋನುಗಳಲ್ಲಿ ಖಾಲಿ ಚೌಕಗಳ ಸಾಲಾಗಿತ್ತು. ಆಗಿನ ವಿದ್ಯಾರ್ಥಿಗಳು ಒಪೆರಾ ಮಿನಿ ಎಂಬ ಬ್ರೌಸರಿನಲ್ಲಿ ಅಕ್ಷರಗಳನ್ನು ಚಿತ್ರಗಳಾಗಿ ತರಿಸಿಕೊಂಡು ಓದುತ್ತಿದ್ದುದು ಹಲವರಿಗೆ ನೆನಪಿರಬಹುದು. ಹೊಸ ಆವೃತ್ತಿ ಬಂದಿತೆಂದು ಹಳೆಯ ಫೋನುಗಳ ಚೌಕಗಳೇನೂ ತಾವಾಗಿ ಅಕ್ಷರಗಳಾಗಲಿಲ್ಲ. ಆ ಆವೃತ್ತಿ ತಲುಪದ ಫೋನಿನವನು ಕನ್ನಡ ಓದಬೇಕಾದರೆ ಇನ್ನೊಂದು ಫೋನನ್ನೇ ಕೊಳ್ಳಬೇಕಾಯಿತು.

ಇದಕ್ಕೆ ಎದುರಾಗಿ ಇನ್ನೊಂದು ಪ್ರಸಂಗ. 2018ರ ಫೆಬ್ರವರಿಯಲ್ಲಿ ತೆಲುಗಿನ ‘ಜ್ಞಾ’ ಎಂಬ ಅಕ್ಷರ ಐಫೋನುಗಳನ್ನು ಕಾಡಿತು. ಜಕಾರ, ಅದರ ಒತ್ತು, ಕಣ್ಣಿಗೆ ಕಾಣದ ಒಂದು ಚಿಹ್ನೆ, ಆಮೇಲೆ ದೀರ್ಘ, ಈ ಕ್ರಮದಲ್ಲಿ ಬಂದ ಒಂದು ಅಕ್ಷರವುಳ್ಳ ಸಂದೇಶ ತಲುಪಿದರೆ ಸಾಕು, ಅದನ್ನು ತೋರಿಸಲಾರದೆ ಆ್ಯಪ್ ಕುಸಿದುಬೀಳುತ್ತಿತ್ತು. ‘ಜ್ಞಾನ’ ಎಂಬ ಮಾತಿನ ಮೊದಲ ಅಕ್ಷರವನ್ನೇ ತಾಳಲಾರದ ಯಂತ್ರ! ಸುದ್ದಿ ಲೋಕವೆಲ್ಲ ಹಬ್ಬಿತು. ಕೆಲವೇ ದಿನಗಳಲ್ಲಿ, ಫೆಬ್ರವರಿ 19ರಂದು, ಆಪಲ್ ಕಂಪನಿಯವರು ತಿದ್ದುಪಡಿಯನ್ನು ಹೊರಡಿಸಿದರು. ಮನಸ್ಸಿದ್ದರೆ ಮಾರ್ಗವುಂಟೆಂಬುದಕ್ಕೆ ಬೇರೆ ಸಾಕ್ಷಿ ಬೇಡ. ಆದರೆ ತೆಲುಗು ಬರೆಯುವವನೊಬ್ಬನ ಫೋನು ಮಾತ್ರ ಕೆಟ್ಟು, ಲೋಕದ ಉಳಿದ ಫೋನುಗಳೆಲ್ಲ ನೆಟ್ಟಗಿದ್ದಿದ್ದರೆ ಅವನು ಎಷ್ಟು ದಿನ ಕಾಯಬೇಕಾಗುತ್ತಿತ್ತು? ವಾಚಕರೇ ಯೋಚಿಸಲಿ.

ಪೂರ್ಣ ಬೆಲೆ ತೆತ್ತು ಕೊಂಡ ವಸ್ತುವಿನ ಕರಡು ತಿದ್ದುವ ಕೆಲಸ ಕೊಂಡವನ ತಲೆಗೇ ಬಂದಿದೆ. ಪತ್ರಿಕೆಗಳು ಕರಡು ತಿದ್ದುವವರಿಗೆ ಸಂಬಳ ಕೊಡುತ್ತವೆ. ಇಲ್ಲಿ ನಾವೇ ಹಣ ಕೊಟ್ಟು ತಿದ್ದುತ್ತೇವೆ. ಮೊದಲು ಕೊಂಡವನಿಗೆ ಹೆಚ್ಚಿನ ಬೆಲೆ, ಹೆಚ್ಚಿನ ದೋಷ. ಕಾದು ಕೊಂಡವನಿಗೆ ಕಡಮೆ ಬೆಲೆ, ಆದರೆ ತಿದ್ದುಪಡಿಯ ಅವಧಿಯಲ್ಲಿ ಅರ್ಧ ಕಳೆದಿರುತ್ತದೆ. 2023ರಲ್ಲಿ ಗೂಗಲಿನವರೂ 2024ರಲ್ಲಿ ಸ್ಯಾಮ್‌ಸಂಗಿನವರೂ ತಮ್ಮ ಮೇಲ್ದರ್ಜೆಯ ಫೋನುಗಳಿಗೆ ಏಳು ವರ್ಷಗಳ ತಿದ್ದುಪಡಿಯನ್ನು ಘೋಷಿಸಿದರು. ಒಳ್ಳೆಯದೇ. ಆದರೆ ನನ್ನ ತರಗತಿಗೆ ಹನೂರಿನಿಂದ, ಯಳಂದೂರಿನಿಂದ ಬಸ್ಸು ಹತ್ತಿ ಬರುವ ಮಕ್ಕಳ ಕೈಯಲ್ಲಿ ಅಂಥ ಫೋನುಗಳಿಲ್ಲ. ವಿದ್ಯಾರ್ಥಿವೇತನದ ಅರ್ಜಿ, ಪರೀಕ್ಷೆಯ ಫಲಿತಾಂಶ, ಪಾಠದ ಟಿಪ್ಪಣಿ ಎಲ್ಲವೂ ಅವರಿಗೆ ಬರುವುದು ಅಗ್ಗದ ಫೋನಿನಲ್ಲಿಯೇ.

ನಾನು ಕೇಳುವುದು ಹೆಚ್ಚೇನಲ್ಲ. ಔಷಧಿಯ ಪಟ್ಟಿಯ ಮೇಲೆ ಅವಧಿ ಮುಗಿಯುವ ತಿಂಗಳನ್ನು ಅಚ್ಚುಮಾಡುವಂತೆ, ಫೋನಿನ ಪೆಟ್ಟಿಗೆಯ ಮೇಲೆ ಕೊನೆಯ ತಿದ್ದುಪಡಿಯ ತಿಂಗಳನ್ನು ಅಚ್ಚುಮಾಡಲಿ. ಗೊತ್ತಿರುವ ದೋಷಗಳ ಪಟ್ಟಿಯನ್ನೂ, ಅವು ಎಂದಿಗೆ ಸರಿಯಾಗುವುವೆಂಬುದನ್ನೂ ಕನ್ನಡದಲ್ಲಿ ಪ್ರಕಟಿಸಲಿ. ಹೇಳಿದ ಅವಧಿಯೊಳಗೆ ಸರಿಪಡಿಸದಿದ್ದರೆ ಫೋನನ್ನು ಹಿಂದಕ್ಕೆ ಪಡೆಯಲಿ. ಯೂರೋಪಿನ ಒಕ್ಕೂಟದಲ್ಲಿ, ಮಾದರಿಯೊಂದರ ಮಾರಾಟ ನಿಂತ ಮೇಲೂ ಐದು ವರ್ಷ ತಿದ್ದುಪಡಿಗಳು ದೊರೆಯುತ್ತಿರಬೇಕೆಂಬ ನಿಯಮ 2025ರ ಜೂನ್ 20ರಿಂದ ಜಾರಿಗೆ ಬಂದಿದೆ. ಅಲ್ಲಿಯ ಗಿರಾಕಿಗೆ ಸಲ್ಲುವ ನ್ಯಾಯ ಇಲ್ಲಿಯವನಿಗೂ ಸಲ್ಲಬೇಡವೆ?

ಮೊನ್ನೆ ಅವ್ವನ ಫೋನನ್ನು ತೆರೆದು ನೋಡಿದೆ. ಅದಕ್ಕೆ ಕೊನೆಯ ತಿದ್ದುಪಡಿ ಬಂದುದು 2020ರಲ್ಲಿ. ಆದರೂ ಒತ್ತಿ ವಿಚಾರಿಸಿದರೆ, ‘ನಿಮ್ಮ ಫೋನು ಅಪ್‌ಡೇಟ್ ಆಗಿದೆ’ ಎಂಬ ಉತ್ತರ ಬರುತ್ತದೆ. ಸರಕಾರದ ಸೈಬರ್ ಸುರಕ್ಷತಾ ಸಂಸ್ಥೆಯವರು ಎಲ್ಲರೂ ಫೋನನ್ನು ಅಪ್‌ಡೇಟ್ ಮಾಡಿಕೊಳ್ಳಿ ಎಂದು ಆಗಾಗ ಎಚ್ಚರಿಸುತ್ತಾರೆ. ಅವ್ವನ ಬ್ಯಾಂಕಿನ ಸಂದೇಶಗಳೆಲ್ಲ ಬರುವುದು ಇದೇ ಫೋನಿಗೆ. ತಿದ್ದುಪಡಿ ಇನ್ನು ಬರುವುದಿಲ್ಲವೆಂದು ಅದು ನೇರವಾಗಿ ಹೇಳಿದ್ದರೆ ನಾನು ಬೇರೆ ಏರ್ಪಾಡು ಮಾಡುತ್ತಿದ್ದೆ. ತಪ್ಪನ್ನು ತಿದ್ದಲಾಗದಿದ್ದರೆ ಹೋಗಲಿ, ತಪ್ಪಿದೆಯೆಂದು ಒಪ್ಪಿಕೊಳ್ಳುವಷ್ಟಾದರೂ ಮರ್ಯಾದೆ ಬೇಕು. ಹಳೆಯ ಅಚ್ಚಿನ ಮನೆಯವರಿಗೆ ಅದು ಇತ್ತು.