ಚೌಕಳಿ ಅಂಗಿಯ ಲೆಕ್ಕ



ಅಕ್ಕಲಕೋಟೆ, ಜತ್ತ ಕಡೆಯ ಬಂಧುಗಳು ಈ ನಡುವೆ ನಮ್ಮನ್ನು ಮತ್ತೆ ಮತ್ತೆ ಕೇಳುವ ಪ್ರಶ್ನೆಯೊಂದಿದೆ. ಹುಡುಗರು, ನಡುವಯಸ್ಸಿನವರು ಎಲ್ಲರೂ ಚೌಕಳಿ ಅಂಗಿಯನ್ನೇ ಬೇಡುತ್ತಾರೆ. 300 ರೂಪಾಯಿಯದೂ ಚೌಕಳಿಯೇ, 2000 ರೂಪಾಯಿಯದೂ ಚೌಕಳಿಯೇ. ದೂರದಿಂದ ನೋಡಿದರೆ ಎರಡೂ ಒಂದೇ. ಹಾಗಾದರೆ ನೋಡಿ ಕೊಳ್ಳುವುದು ಹೇಗೆ? ಅರಿವೆ ಅಂಗಡಿಯ ಗಾದಿಯ ಮೇಲೆ 45 ವರ್ಷ ಕುಳಿತವರಾದ್ದರಿಂದ ಈ ಸಲ ಅದನ್ನೇ ಬರೆಯುತ್ತೇವೆ. ನಮ್ಮ ಓದು ಮ್ಯಾಟ್ರಿಕ್‌ವರೆಗಿನದು. ಆದರೆ ಅರಿವೆಯನ್ನು ಬೆರಳಿನಿಂದ ಮುಟ್ಟಿ ತಿಳಿಯುವುದನ್ನು ಹಿರಿಯರು ಸಣ್ಣವರಿದ್ದಾಗಲೇ ಕಲಿಸಿದ್ದಾರೆ.

ಮೊದಲು ಹೆಸರಿನ ಮಾತು. ನಾವು ಚೌಕಳಿ ಎಂದರೆ ಸೋಲಾಪುರದ ಮರಾಠಿ ಗಿರಾಕಿ ಚೌಕಡಿ ಎನ್ನುತ್ತಾನೆ, ಹುಡುಗರು ಚೆಕ್ಸ್ ಎನ್ನುತ್ತಾರೆ. ಈಗ ರೆಡಿಮೇಡ್ ಅಂಗಿಯ ಚೀಟಿಯ ಮೇಲೆ ಪ್ಲೇಡ್ ಎಂದೂ ಬರೆದಿರುತ್ತದೆ. ಸ್ಕಾಟ್‌ಲಂಡಿನ ಗುಡ್ಡಗಾಡಿನ ಜನ ಹೆಗಲ ಮೇಲೆ ಹೊದೆಯುತ್ತಿದ್ದ ಉದ್ದನೆಯ ಉಣ್ಣೆಯ ಹೊದಿಕೆಗೆ ಆ ಹೆಸರು. ನಮ್ಮ ಕುರುಬರ ಕಂಬಳಿ ಇದ್ದಂತೆ ಎನ್ನಿರಿ. ಅದರ ಮೇಲಿನ ಬಣ್ಣದ ಚೌಕಳಿಗೆ ಟಾರ್ಟನ್ ಎಂದು ಬೇರೆಯೇ ಹೆಸರು. 1745ರಲ್ಲಿ ಅಲ್ಲಿಯವರು ದಂಗೆ ಎದ್ದು ಸೋತ ಮೇಲೆ, ಆ ಗುಡ್ಡಗಾಡಿನ ಉಡುಪನ್ನು ಗಂಡಸರು ತೊಡಕೂಡದೆಂದು 1746ರಲ್ಲಿ ಬ್ರಿಟಿಷ್ ಸರಕಾರ ಕಾಯಿದೆಯನ್ನೇ ಮಾಡಿತು. ಅದನ್ನು ರದ್ದು ಮಾಡಿದ್ದು 1782ರಲ್ಲಿ. ಅರಿವೆಗೂ ಸರಕಾರ ಅಂಜಿದ ಕಾಲವಿತ್ತು ನೋಡಿರಿ! ಇರಲಿ.

ನಮ್ಮ ದೇಶಕ್ಕೇನೂ ಚೌಕಳಿ ಹೊಸದಲ್ಲ. ನಮ್ಮ ತಾಯಂದಿರ ಇಳಕಲ್ಲ ಸೀರೆಯಲ್ಲಿ ಚೌಕಳಿ ಇತ್ತು, ತಮಿಳುನಾಡಿನ ಲುಂಗಿಯಲ್ಲಿ ಚೌಕಳಿ ಇದೆ. ಮದ್ರಾಸ್ ಕರವಸ್ತ್ರವೆಂಬ ಚೌಕಳಿ ಅರಿವೆ ಮದ್ರಾಸ್, ಚೀರಾಲ ಕಡೆಯ ಕೈಮಗ್ಗಗಳಿಂದ ಹಡಗೇರಿ ಪಶ್ಚಿಮ ಆಫ್ರಿಕಕ್ಕೆ ತಲೆಮಾರುಗಳ ಕಾಲ ಹೋಗಿದೆ. ನೈಜೀರಿಯದ ಕಲಬಾರಿ ಜನರು ಅದನ್ನು ಇಂಜಿರಿ ಎಂದು ಕರೆದು, ಮನೆಯ ಹಿರಿಯರು ತೀರಿಕೊಂಡಾಗ ಅವರ ಮಂಚವನ್ನು ಅದರಿಂದ ಅಲಂಕರಿಸುತ್ತಾರೆ.

ಗೆರೆಯ ಅರಿವೆಗಿಂತ ಚೌಕಳಿ ತುಟ್ಟಿ ಏಕೆ ಎಂದು ಗಿರಾಕಿಗಳು ಕೇಳುವುದುಂಟು. ಉದ್ದ ಗೆರೆಗೆ ಹಾಸಿನಲ್ಲಿ ಮಾತ್ರ ಬಣ್ಣದ ನೂಲು ಹೂಡಿದರೆ ಸಾಕು. ಹೊಕ್ಕಿಗೆ ಒಂದೇ ಲಾಳಿ ಓಡುತ್ತದೆ. ಚೌಕಳಿಗೆ ಹೊಕ್ಕಿನಲ್ಲೂ ಬಣ್ಣ ಬದಲಾಗಬೇಕು. ಎರಡು ಮೂರು ಲಾಳಿಗಳು ಸರದಿಯ ಮೇಲೆ ಓಡಬೇಕು. ಅದಕ್ಕೆ ಡ್ರಾಪ್ ಬಾಕ್ಸ್ ಎಂಬ ಪೆಟ್ಟಿಗೆ ಮಗ್ಗಕ್ಕೆ ಬೇಕು. 1760ರಲ್ಲಿ ಇಂಗ್ಲೆಂಡಿನ ರಾಬರ್ಟ್ ಕೇ ಎಂಬವನು ಅದನ್ನು ಮಾಡಿದನು. ಹಾರುವ ಲಾಳಿಯನ್ನು ಕಂಡುಹಿಡಿದ ಜಾನ್ ಕೇಯ ಮಗ ಇವನು. ನಮ್ಮ ಕಡೆಯ ಇಚಲಕರಂಜಿಗೆ ಮೊದಲ ಯಂತ್ರಮಗ್ಗ ಬಂದದ್ದು 1904ರಲ್ಲಿ. ಈಗಿನ ಹೊಸ ಮಗ್ಗಗಳಲ್ಲಿ ಲಾಳಿಯೇ ಇಲ್ಲ. ಆದರೂ ನೂಲನ್ನು ಮೊದಲು ಬಣ್ಣಕ್ಕೆ ಅದ್ದಿ, ಒಣಗಿಸಿ, ಎಣಿಸಿ ಹೂಡುವ ಖರ್ಚು ತಪ್ಪಿಲ್ಲ. ಆ ಖರ್ಚು ಉಳಿಸಲು ಕೆಲವರು ಬಿಳಿ ಅರಿವೆಯ ಮೇಲೆ ಚೌಕಳಿಯನ್ನು ಛಾಪಿಸಿಬಿಡುತ್ತಾರೆ. ಗಿರಾಕಿ ಮೋಸ ಹೋಗುವುದು ಇಲ್ಲಿಯೇ.

ಛಾಪಿನದು ಯಾವುದು, ನೂಲಿಗೆ ಬಣ್ಣ ಹಾಕಿ ನೇಯ್ದದ್ದು ಯಾವುದು ಎಂದು ತಿಳಿಯುವುದು ಕಠಿಣವಲ್ಲ. ಅರಿವೆಯನ್ನು ತಿರುವಿ ನೋಡಿರಿ. ನೇಯ್ದ ಚೌಕಳಿ ಎರಡೂ ಮಗ್ಗಲು ಒಂದೇ ಸಮ ಕಾಣುತ್ತದೆ. ಛಾಪಿನದು ಹಿಂಬದಿಗೆ ಮಂಕಾಗಿರುತ್ತದೆ. ಆದರೆ ತೆಳುವಾದ ಅರಿವೆಯಲ್ಲಿ ಬಣ್ಣ ಹಿಂದಕ್ಕೆ ಇಳಿದು ಕಣ್ಣಿಗೆ ಮೋಸವಾಗುತ್ತದೆ. ಆಗ ಕತ್ತರಿಸಿದ ತುದಿಯಿಂದ ಒಂದು ನೂಲನ್ನು ಎಳೆದು ನೋಡಿರಿ. ನೇಯ್ದದ್ದಾದರೆ ನೂಲು ಈ ತುದಿಯಿಂದ ಆ ತುದಿಯವರೆಗೆ ಒಂದೇ ಬಣ್ಣ. ಛಾಪಿನದಾದರೆ ಅದೇ ನೂಲಿನ ಮೇಲೆ ಕೆಂಪು, ಬಿಳಿ, ಕೆಂಪು, ಬಿಳಿ. ನೂಲು ಎಳೆಯಲು ಬಿಡದ ಅಂಗಡಿಯವರ ಹತ್ತಿರ ಚೌಕಳಿ ಕೊಳ್ಳಬೇಡಿರಿ. ಛಾಪಿನ ಅರಿವೆ ಮಾರುವುದು ತಪ್ಪೆಂದು ನಾವು ಹೇಳುವುದಿಲ್ಲ. ಅದನ್ನು ಛಾಪಿನದೆಂದು ಹೇಳಿ, ಛಾಪಿನ ಬೆಲೆಗೆ ಮಾರಬೇಕು, ಅಷ್ಟೇ.

ಬಣ್ಣವನ್ನು ಹಗಲು ಬೆಳಕಿನಲ್ಲಿ ಆರಿಸಿರಿ. ದೀಪದ ಬೆಳಕಿನಲ್ಲಿ ಗಾಢ ನೀಲಿಯೂ ಕಪ್ಪೂ ಒಂದೇ ಎನಿಸುತ್ತವೆ, ಹಸಿರು ಬೇರೆಯಾಗಿಬಿಡುತ್ತದೆ. ನಮ್ಮ ಮನೆಗಳಲ್ಲಿ ಸೂರ್ಯಾಸ್ತದೊಳಗೆ ಊಟ ಮುಗಿಸುವ ರೂಢಿ. ಅರಿವೆ ಖರೀದಿಯನ್ನೂ ಅದರೊಳಗೇ ಮುಗಿಸಿಕೊಂಡರೆ ಒಳ್ಳೆಯದು. ಥಾನನ್ನು ಅಂಗಡಿಯ ಬಾಗಿಲವರೆಗೆ ತಂದು ನೋಡಲು ಸಂಕೋಚ ಬೇಡ.

ಇನ್ನು ಬಣ್ಣ ಬಿಡುವ ಮಾತು. ಬಿಳಿ ಕರವಸ್ತ್ರವನ್ನು ನೀರಿನಲ್ಲಿ ಅದ್ದಿ ಹಿಂಡಿ, ಚೌಕಳಿಯ ಅತಿ ಗಾಢ ಗೆರೆಯ ಮೇಲೆ ಹತ್ತು ಸಲ ಉಜ್ಜಿರಿ. ಕರವಸ್ತ್ರಕ್ಕೆ ಬಣ್ಣ ಹತ್ತಿದರೆ ಆ ಅಂಗಿ ನಿಮ್ಮ ಮನೆಯ ಬಿಳಿ ಧೋತರಗಳನ್ನೆಲ್ಲ ಕೆಡಿಸುತ್ತದೆ. ಒಂದು ಬಣ್ಣದ ಅಂಗಿ ಬಣ್ಣ ಬಿಟ್ಟರೆ ಬರೀ ಮಾಸುತ್ತದೆ. ಚೌಕಳಿಯಲ್ಲಿ ಕೆಂಪು ಗೆರೆಯ ಬಣ್ಣ ಪಕ್ಕದ ಬಿಳಿ ಮನೆಯೊಳಗೆ ಇಳಿದು ಚಿತ್ರವೇ ಕೆಡುತ್ತದೆ.

ಈ ವಿಷಯದಲ್ಲಿ ವ್ಯಾಪಾರಿಗಳು ತಿಳಿಯಬೇಕಾದ ಒಂದು ಸಂಗತಿ ಇದೆ. ಕೇರಳದ ಕಣ್ಣೂರಿನ ಕ್ಯಾಪ್ಟನ್ ಸಿ. ಪಿ. ಕೃಷ್ಣನ್ ನಾಯರ್ ಅವರು ಲೀಲಾ ಹೋಟೆಲುಗಳನ್ನು ಕಟ್ಟುವುದಕ್ಕೆ ಮೊದಲು ಅರಿವೆಯ ರಫ್ತು ವ್ಯಾಪಾರಿಗಳು. 1958ರಲ್ಲಿ ಅಮೇರಿಕದ ವಿಲಿಯಂ ಜೇಕಬ್‌ಸನ್ ಎಂಬ ಆಮದುದಾರ ಅವರಿಂದ 10,000 ವಾರ ಮದ್ರಾಸ್ ಚೌಕಳಿ ಕೊಂಡನು. ಗಿಡಮೂಲಿಕೆಯ ಬಣ್ಣ, ತಣ್ಣೀರಿನಲ್ಲಿ ಮೆಲ್ಲನೆ ಒಗೆಯಬೇಕೆಂದು ನಾಯರ್ ಅವರು ಹೇಳಿ ಕಳಿಸಿದ್ದರಂತೆ. ಆ ಮಾತು ನ್ಯೂಯಾರ್ಕಿನ ಬ್ರೂಕ್ಸ್ ಬ್ರದರ್ಸ್ ಅಂಗಡಿಯ ಗಿರಾಕಿಗಳವರೆಗೆ ಮುಟ್ಟಲಿಲ್ಲ. ಜನ ಯಂತ್ರಕ್ಕೆ ಹಾಕಿದರು, ಬಣ್ಣ ಹರಿಯಿತು, ತಂಟೆ ಶುರುವಾಯಿತು. ಕೊನೆಗೆ ‘ಬಣ್ಣ ಬಿಟ್ಟೇ ಬಿಡುತ್ತದೆ, ಖಾತ್ರಿ’ ಎಂದು ಜಾಹೀರಾತು ಮಾಡಿ, ಒಗೆದಂತೆಲ್ಲ ಹೊಸ ಬಣ್ಣ ತಾಳುವ ಅಂಗಿ ಎಂದು ಅದನ್ನೇ ಮಾರಿದರು. ಅದು ಅಲ್ಲಿ ದೊಡ್ಡ ಫ್ಯಾಶನ್ ಆಯಿತು. ಈ ಕಥೆ ಹೇಳಿ ಜಾಣತನವನ್ನು ಹೊಗಳುವವರೇ ಹೆಚ್ಚು. ನಮಗೆ ಮೆಚ್ಚಾದದ್ದು ಬೇರೆ: ಎರಡನೆಯ ಸಲ ಗಿರಾಕಿಗೆ ಮುಂಚಿತವಾಗಿ ಹೇಳಿ ಮಾರಿದರಲ್ಲ, ಅದು.

ಈಗ ಅಳತೆ. ಥಾನಿನ ಎರಡೂ ಕಿನಾರಿಗಳನ್ನು ಕೂಡಿಸಿ ಮಡಚಿರಿ. ಅಡ್ಡ ಗೆರೆ ಗೆರೆಗೆ ಸರಿಯಾಗಿ ಕೂಡಬೇಕು. ಕೂಡದಿದ್ದರೆ ಅರಿವೆ ಗಿರಣಿಯಲ್ಲಿ ಇಸ್ತ್ರಿಯಾಗುವಾಗ ವಾರೆ ಎಳೆದಿದೆ ಎಂದು ತಿಳಿಯಿರಿ. ಅಂಥದನ್ನು ಎಂಥ ಸಿಂಪಿಗರೂ ನೆಟ್ಟಗೆ ಮಾಡಲಾರರು. ಹತ್ತಿಯ ಅರಿವೆಯನ್ನು ಹೊಲಿಯುವ ಮುಂಚೆ ಒಂದು ರಾತ್ರಿ ನೀರಿನಲ್ಲಿ ನೆನೆಹಾಕಿರಿ. ಹಾಸಿನ ಕಡೆಗೆ ಹೆಚ್ಚು, ಹೊಕ್ಕಿನ ಕಡೆಗೆ ಕಡಿಮೆ ಕುಗ್ಗುವುದರಿಂದ, ನೆನೆಸದೆ ಹೊಲಿದರೆ ಸರಿಕೂಡಿದ ಗೆರೆಗಳು ಮೊದಲ ಒಗೆತದಲ್ಲೇ ಸುಕ್ಕುಗಟ್ಟುತ್ತವೆ. 36 ಇಂಚು ಪನ್ನಾ ಇದ್ದರೆ ಸಾಧಾರಣ ಮೈಕಟ್ಟಿನವರ ತುಂಬುತೋಳಿನ ಅಂಗಿಗೆ ಎರಡೂ ಕಾಲು ಮೀಟರ್, 58 ಇಂಚಿಗೆ 1.60 ಮೀಟರ್ ಸಾಕು. ಅದು ಒಂದು ಬಣ್ಣದ ಅರಿವೆಯ ಲೆಕ್ಕ. ದೊಡ್ಡ ಚೌಕಳಿಗೆ ಇನ್ನೂ ಕಾಲು ಮೀಟರ್ ಹೆಚ್ಚು ತೆಗೆದುಕೊಳ್ಳಿರಿ. ಇಲ್ಲದಿದ್ದರೆ ಎದೆಯ ಎಡ ಬಲ ಗೆರೆ ಕೂಡುವುದಿಲ್ಲ, ಕಿಸೆ ಬೇರೆ ಅಂಗಿಯಿಂದ ತಂದು ಅಂಟಿಸಿದಂತೆ ಕಾಣುತ್ತದೆ. ಜಾಣ ಸಿಂಪಿಗರು ಕಿಸೆ, ಹೆಗಲಪಟ್ಟಿ, ಗುಂಡಿಪಟ್ಟಿಗಳನ್ನು ಓರೆಯಾಗಿ ಕತ್ತರಿಸುತ್ತಾರೆ; ಆಗ ಗೆರೆ ಕೂಡಿಸುವ ತಂಟೆಯೇ ಇಲ್ಲ, ನೋಡಲೂ ಚಂದ. ಚೌಕಳಿ ಕತ್ತರಿಸುವುದು ಅವರಿಗೆ ದುಪ್ಪಟ್ಟು ಕೆಲಸ. 50 ರೂಪಾಯಿ ಹೆಚ್ಚು ಕೇಳಿದರೆ ಚೌಕಾಶಿ ಮಾಡಬೇಡಿರಿ.

ಇದಕ್ಕಾಗಿಯೇ ಲಗ್ನದ ಆಯೇರಿಗೆ ದೊಡ್ಡ ಚೌಕಳಿ ಬೇಡವೆಂದು ನಾವು ಹೇಳುತ್ತ ಬಂದಿದ್ದೇವೆ. ಪೆಟ್ಟಿಗೆಯಲ್ಲಿ ಬರುವ ಅಂಗಿಯ ತುಂಡು ಅಳತೆಗೆ ಕತ್ತರಿಸಿದ್ದು. ಗೆರೆ ಕೂಡಿಸಲು ಒಂದು ಬೆರಳಷ್ಟೂ ಹೆಚ್ಚಿರುವುದಿಲ್ಲ. ಬೀಗರು ಅದನ್ನು ಸಿಂಪಿಗರ ಹತ್ತಿರ ಒಯ್ದರೆ ಅವರು ತಲೆಯಾಡಿಸಿ ಮರಳಿ ಕೊಡುತ್ತಾರೆ. ಆಮೇಲೆ ಆ ತುಂಡು ಟ್ರಂಕು ಸೇರಿ, ಮುಂದಿನ ಲಗ್ನದಲ್ಲಿ ಇನ್ನೊಬ್ಬರ ಕೈಗೆ ಹೋಗುತ್ತದೆ. ಮೂರು ಮನೆ ತಿರುಗಿ ಕೊಟ್ಟವರಿಗೇ ಮರಳಿ ಬಂದ ತುಂಡುಗಳನ್ನು ನಾವು ಕಣ್ಣಾರೆ ಕಂಡಿದ್ದೇವೆ. ಆಯೇರಿಗೆ ಸಣ್ಣ ಚೌಕಳಿ ಇಲ್ಲವೆ ಒಂದೇ ಬಣ್ಣದ ಅರಿವೆಯೇ ಸರಿ.

ಆದರೆ ನಮ್ಮ ಮನಸ್ಸನ್ನು ಹೆಚ್ಚು ಕಾಡುವುದು ಬೀಗರ ಟ್ರಂಕಿನ ಮಾತಲ್ಲ. ಪ್ರತಿ ದೀಪಾವಳಿಗೆ ನಮ್ಮ ಬಂಧುಗಳೇ ಅಂಗಡಿಗೆ ಬರುತ್ತಾರೆ. ಮನೆಯ ಮಕ್ಕಳಿಗೆ ಅರ್ಧ ತಾಸು ಆರಿಸುತ್ತಾರೆ. ಎಲ್ಲ ಮುಗಿದು ಎದ್ದು ನಿಂತ ಮೇಲೆ, “ಸಾವಕಾರ್ರ, ಹಮಾಲರಿಗೆ ಕೊಡೂದದ, ಸೋವಿದು ಯಾವದರ ಆರು ಹರೀರಿ” ಎನ್ನುತ್ತಾರೆ. ಸೋವಿದು ಎಂದರೆ ಛಾಪಿನ ಚೌಕಳಿ. ಒಂದೇ ಥಾನಿನಿಂದ ಆರು ತುಂಡು. ಅದರ ಹೊಲಿಗೆಯ ಕೂಲಿ ಅರಿವೆಯ ಬೆಲೆಗಿಂತ ಹೆಚ್ಚು. ನಮ್ಮ ಪೇಟೆಯ ಒಬ್ಬ ಹಮಾಲನನ್ನು, ಕೊಟ್ಟ ಅರಿವೆ ಏಕೆ ಹೊಲಿಸಲಿಲ್ಲವೆಂದು ನಾವು ಒಮ್ಮೆ ಕೇಳಿದೆವು. “ಹೊಲಿಸಿದ್ರ ರೊಕ್ಕ ಹೋಗ್ತದ, ಎರಡು ಸಲ ಒಗದ್ರ ಬಣ್ಣ ಹೋಗ್ತದ್ರಿ ಅಪ್ಪಾರ” ಎಂದನು. ಹೊಲಿಸಿಕೊಂಡ ಇನ್ನಿಬ್ಬರು ಪೇಟೆಯಲ್ಲಿ ನಡೆದರೆ, ಇವರು ಯಾವ ಅಂಗಡಿಯ ಆಳುಗಳೆಂದು ಎಲ್ಲರಿಗೂ ದೂರದಿಂದಲೇ ಗೊತ್ತಾಗುತ್ತಿತ್ತು. ಅಂದಿನಿಂದ ಯಾರಾದರೂ ‘ಹಮಾಲರಿಗೆ’ ಎಂದು ಕೇಳಿದರೆ ನಾವು ನೇಯ್ದ ಅರಿವೆಯನ್ನೇ, ನಾಲ್ಕಾರು ಬೇರೆ ಬೇರೆ ಬಣ್ಣದಲ್ಲಿ ಮುಂದೆ ಇಡುತ್ತೇವೆ. ಹೊಲಿದ ಅಂಗಿಯನ್ನೇ ಕೊಡಿರಿ, ಅಥವಾ ಹೊಲಿಗೆಯ ಕೂಲಿ ಸೇರಿಸಿ ಕೊಡಿರಿ ಎಂದು ಹೇಳುತ್ತೇವೆ. ಇದರಿಂದ ಎರಡು ಮೂರು ಗಿರಾಕಿಗಳು ಪಕ್ಕದ ಅಂಗಡಿಗೆ ಹೋದದ್ದೂ ನಿಜ. ಒಂದು ಅಂಗಿಗೆ ಬೀಳುವ ಹೆಚ್ಚಿನ ಖರ್ಚು ನಾವು ಒಂದು ದಿನ ಚಹಾಕ್ಕೆ ಹಾಕುವುದಕ್ಕಿಂತ ಬಹಳವಲ್ಲ.

ತೊಡುವ ರೀತಿಗೆ ಬಂದರೆ, ನಿಯಮಗಳು ಬಹಳಿಲ್ಲ. ಅಂಗಿಯಲ್ಲಿ ಚೌಕಳಿ ಇದ್ದರೆ ಪ್ಯಾಂಟು ಒಂದೇ ಬಣ್ಣದ್ದಿರಲಿ. ಚೌಕಳಿಯ ಗೆರೆಗಳಲ್ಲಿರುವ ಗಾಢ ಬಣ್ಣವನ್ನೇ ಆರಿಸಿದರೆ ತಪ್ಪುವುದಿಲ್ಲ. ಚೌಕಳಿ ಮೈಯನ್ನು ದಪ್ಪ ತೋರಿಸುತ್ತದೆ ಎಂಬ ಮಾತು ಅರ್ಧ ನಿಜ. ಕೆಂಪು ಕಪ್ಪಿನಂಥ ಎದ್ದು ಕಾಣುವ ಬಣ್ಣದ, ಅಂಗೈಯಷ್ಟು ಅಗಲದ ಮನೆಗಳು ಹಾಗೆ ತೋರಿಸುತ್ತವೆ. ಸಣ್ಣ ಮನೆಯ, ಹತ್ತಿರ ಹತ್ತಿರದ ಬಣ್ಣದ ಚೌಕಳಿ ಹಾಗಲ್ಲ. ಗಾದಿಯ ಮೇಲೆ ಕುಳಿತು ಹೊಟ್ಟೆ ಬೆಳೆಸಿಕೊಂಡ ನಮ್ಮಂಥವರು ಇನ್ನೊಂದು ನೋಡಬೇಕು: ಅಂಗಿ ಬಿಗಿಯಾದರೆ ಗುಂಡಿಗಳ ನಡುವೆ ಅಡ್ಡಗೆರೆ ಬಾಗಿ ನಿಲ್ಲುತ್ತದೆ, ಬಿಳಿ ಅಂಗಿಯಲ್ಲಿ ಮುಚ್ಚಿಹೋಗುವುದೆಲ್ಲ ಬಯಲಾಗುತ್ತದೆ. ಎರಡು ಇಂಚು ಸಡಿಲ ಹೊಲಿಸಿರಿ. ದೊಡ್ಡ ಚೌಕಳಿಯನ್ನು ಒಳಗೆ ಸೇರಿಸದೆ ಬಿಟ್ಟು ತೊಡುವುದು ಒಳ್ಳೆಯದು. ಕಚೇರಿಗೆ, ಬ್ಯಾಂಕಿಗೆ ಸಣ್ಣ ಚೌಕಳಿ. ಗಾದಿಗೆ ಬಿಳಿಯೇ ಬೇಕೆಂದು ಹಟ ಹಿಡಿಯುವ ಹಿರಿಯರಿಗೆ ಒಂದು ಮಾತು: ಮಗ ಚೌಕಳಿ ಅಂಗಿ ತೊಟ್ಟು ಸಮಯಕ್ಕೆ ಅಂಗಡಿ ತೆರೆದರೆ ಸಾಕು, ಬಿಡಿರಿ.

ನಮ್ಮ ಕಡೆ ಬೇಸಿಗೆ 40 ಡಿಗ್ರಿ ದಾಟುತ್ತದೆ. ಶುದ್ಧ ಹತ್ತಿಯೇ ಹಿತ. 67 ಭಾಗ ಪಾಲಿಯೆಸ್ಟರ್, 33 ಭಾಗ ಹತ್ತಿಯ ಟೆರಿಕಾಟ್ ಇಸ್ತ್ರಿಯ ಖರ್ಚು ಉಳಿಸುತ್ತದೆ, ಬೆವರು ಹೀರುವುದಿಲ್ಲ. ನೇಯ್ದ ಅರಿವೆಯ ಮೈಯನ್ನು ಬಾಚಿ ನಯ ಮಾಡಿದ ಫ್ಲಾನೆಲ್ ಚೌಕಳಿ ನೀಲಗಿರಿಯ ಬಂಧುಗಳಿಗೆ ಇರಲಿ; ನಮಗೆ ಜನವರಿಯಲ್ಲೂ ಸೆಕೆಯೇ. ಇನ್ನೊಂದು ಸಂಗತಿಯನ್ನು ನಮ್ಮವರಲ್ಲಿ ಬಹಳ ಜನ ಗಮನಿಸಿಲ್ಲ: ತುಟ್ಟಿಯ ಅಂಗಿಗಳಿಗೆ ಕೆಲವು ಸಲ ಸಮುದ್ರದ ಚಿಪ್ಪಿನ ಗುಂಡಿ ಹಚ್ಚಿರುತ್ತಾರೆ. ಬೇಡವಾದವರು ಕೇಳಿ ತಿಳಿದುಕೊಂಡು ಪ್ಲಾಸ್ಟಿಕ್ ಗುಂಡಿ ಹಚ್ಚಿಸಿಕೊಳ್ಳಬಹುದು.

ರೆಡಿಮೇಡ್ ಕೊಳ್ಳುವವರು ಮೂರು ಕಡೆ ನೋಡಿದರೆ ಸಾಕು: ಕಿಸೆಯ ಗೆರೆ ಎದೆಯ ಗೆರೆಗೆ ಕೂಡಿದೆಯೇ, ಗುಂಡಿ ಹಾಕಿದಾಗ ಎಡ ಬಲ ಕೂಡುತ್ತದೆಯೇ, ಕಂಕುಳ ಕೆಳಗಿನ ಹೊಲಿಗೆಯಲ್ಲಿ ಅಡ್ಡಗೆರೆ ಮುಂದುವರಿದಿದೆಯೇ. ಕಾಲರ್, ಬ್ರ್ಯಾಂಡಿನ ಚೀಟಿ ಆಮೇಲೆ. ಮನೆಗೆ ತಂದ ಮೇಲೆ ಮೊದಲ ಎರಡು ಸಲ ಬೇರೆಯಾಗಿ, ತಣ್ಣೀರಿನಲ್ಲಿ, ಒಳಮಗ್ಗಲು ಹೊರಗೆ ಮಾಡಿ ಒಗೆದು ನೆರಳಿನಲ್ಲಿ ಒಣಗಿಸಿರಿ.

ಹಳೆಯದಾದ ಚೌಕಳಿ ಅಂಗಿಯನ್ನು ಪಾತ್ರೆಯವನಿಗೆ ಹಾಕಬೇಡಿರಿ. ಕೌದಿ ಹೊಲಿಯುವ ಅಜ್ಜಿಯರಿಗೆ ಕೊಡಿರಿ. ಗೆರೆ ಹಿಡಿದು ಕತ್ತರಿಸಲು ಸುಲಭವೆಂದು ಅವರು ಚೌಕಳಿಯನ್ನೇ ಮೊದಲು ಕೇಳುತ್ತಾರೆ. ಬರುವ ತಿಂಗಳು ಧೋತರದ ವಿಷಯ ಬರೆಯುತ್ತೇವೆ.