ಮಗಳು ಪೈಲಟ್ ಆಗ್ತೀನಿ ಅಂದರೆ ತೋಟ ಅಡವಿಡಬೇಕಾ?

ಡಿಗ್ರಿ ಮೊದಲ ವರ್ಷದ ಮಗಳು ಊಟಕ್ಕೆ ಕೂತಾಗ ಥಟ್ಟನೆ "ಅಮ್ಮಾ, ನಾನು ಪೈಲಟ್ ಆಗ್ತೀನಿ" ಅಂದರೆ ನೀವೇನು ಹೇಳ್ತೀರಿ? "ಹುಡುಗಿಗೆ ಯಾಕಮ್ಮ ಅದೆಲ್ಲ" ಅಂತೀರೋ, "ಅಪ್ಪನ್ನ ಕೇಳು" ಅಂತ ಜಾರಿಕೊಳ್ತೀರೋ? ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆ ವಿಮಾನವೆಂದರೆ ಬಹುಕಾಲ ತಲೆ ಮೇಲೆ ಹಾದುಹೋಗುವ ಸದ್ದು ಮಾತ್ರ. 2023ರಲ್ಲಿ ಪಕ್ಕದ ಶಿವಮೊಗ್ಗದಲ್ಲೇ ವಿಮಾನ ನಿಲ್ದಾಣ ಶುರುವಾಯಿತು. ಮಕ್ಕಳ ಆಸೆಗೂ ರೆಕ್ಕೆ ಬಂದರೆ ಆಶ್ಚರ್ಯವೇನು?

"ಹುಡುಗಿಗೆ ಯಾಕೆ" ಅನ್ನುವವರಿಗೆ ಉತ್ತರ ನಮ್ಮಲ್ಲೇ ಇದೆ. ಮದುವೆಯಾದ ಮೇಲೆ ವಿಮಾನ ಹಾರಿಸಲು ಕಲಿತ ಉಷಾ ಸುಂದರಂ, ಬೆಂಗಳೂರಿನ ಜಕ್ಕೂರು ಸರ್ಕಾರಿ ವೈಮಾನಿಕ ತರಬೇತಿ ಶಾಲೆಯಿಂದ 1949ರಲ್ಲೇ ತೇರ್ಗಡೆಯಾದವರು. ನಮ್ಮದೇ ಚಿಕ್ಕಮಗಳೂರು ಜಿಲ್ಲೆಯ ಮರ್ಲೆಯ ಮೇಘನಾ ಶಾನುಭೋಗ್ ಎಂಜಿನಿಯರಿಂಗ್ ಓದಿ, 2018ರಲ್ಲಿ ವಾಯುಪಡೆಯ ಯುದ್ಧವಿಮಾನ ಪೈಲಟ್ ಆದರು. ಭಾರತದ ಪೈಲಟ್‌ಗಳಲ್ಲಿ ನೂರಕ್ಕೆ ಸುಮಾರು 15 ಮಂದಿ ಹೆಂಗಸರು. ಜಗತ್ತಿನ ಸರಾಸರಿ ಇದರ ಅರ್ಧದಷ್ಟೂ ಇಲ್ಲ!

ಹಾಗಾಗಿ ಹೆಣ್ಣೋ ಗಂಡೋ ಅನ್ನುವುದು ಪ್ರಶ್ನೆಯೇ ಅಲ್ಲ. ಪ್ರಶ್ನೆ ದುಡ್ಡಿನದು. ಕಮರ್ಷಿಯಲ್ ಪೈಲಟ್ ಲೈಸೆನ್ಸ್ ಅಂದರೆ ಸಿಪಿಎಲ್‌ಗೆ 200 ಗಂಟೆ ಹಾರಾಟ ಬೇಕು. ಆಮೇಲೆ ಏರ್‌ಬಸ್, ಬೋಯಿಂಗ್‌ನಂಥ ದೊಡ್ಡ ವಿಮಾನಕ್ಕೆ 'ಟೈಪ್ ರೇಟಿಂಗ್' ಅಂತ ಬೇರೆ ತರಬೇತಿ. ಎಲ್ಲ ಸೇರಿದರೆ ಖರ್ಚು ಅರ್ಧ ಕೋಟಿ ದಾಟುತ್ತದೆ. ಶಿಕ್ಷಣ ಸಾಲ ಏಳೂವರೆ ಲಕ್ಷ ಮೀರಿದರೆ ಬ್ಯಾಂಕಿನವರು ಸಾಮಾನ್ಯವಾಗಿ ಆಸ್ತಿ ಅಡಮಾನ ಕೇಳ್ತಾರೆ. ನೀವು ಪೇಟೆಯಲ್ಲೇ ಇದ್ದರೂ ಆಸ್ತಿ ಅಂತ ಇರೋದು ಊರಿನ ಅಡಿಕೆ ತೋಟ. ಅದಕ್ಕೂ ಹಳದಿ ಎಲೆ ರೋಗ, ಎಲೆಚುಕ್ಕಿ ರೋಗ. ಇಂಥ ತೋಟವನ್ನು ಯಾರದೋ ಜಾಹೀರಾತು ನಂಬಿ ಒತ್ತೆ ಇಡಬೇಡಿ. ಹಾಗಂತ ಮಗಳ ಬಾಯಿಯನ್ನೂ ಮುಚ್ಚಿಸಬೇಡಿ. ಕಡಿಮೆ ಖರ್ಚಿನ ಮೆಟ್ಟಿಲನ್ನು ಮೊದಲು ಹತ್ತಿಸಿ, ದೊಡ್ಡ ಖರ್ಚಿನದನ್ನು ಕೊನೆಗಿಡಿ. ಅದಕ್ಕೆ ಕಾಲೇಜಿನ ವರ್ಷಗಳು ಹೇಳಿ ಮಾಡಿಸಿದ ಹಾಗಿವೆ.

ಮೊದಲ ಮೆಟ್ಟಿಲು ವೈದ್ಯಕೀಯ ಪರೀಕ್ಷೆ. ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ, ಅಂದರೆ ಡಿಜಿಸಿಎ ಮಾನ್ಯತೆ ಪಡೆದ ವೈದ್ಯರಲ್ಲಿ 'ಕ್ಲಾಸ್ 2', ಆಮೇಲೆ 'ಕ್ಲಾಸ್ 1'. ಬೆಂಗಳೂರಿನ ಏರೋಸ್ಪೇಸ್ ಮೆಡಿಸಿನ್ ಸಂಸ್ಥೆ ಇದಕ್ಕೆ ಹೆಸರುವಾಸಿ. ಕನ್ನಡಕ ಇದೆ ಅಂತ ಹೆದರಬೇಡಿ, ಕನ್ನಡಕ ಹಾಕಿ ದೃಷ್ಟಿ ಸರಿಹೋದರೆ ಸಾಕು. ಆದರೆ ಬಣ್ಣ ಗುರುತಿಸುವ ಶಕ್ತಿ, ಕಿವಿ, ಹೃದಯ ಎಲ್ಲ ನೋಡ್ತಾರೆ. ಲಕ್ಷಗಟ್ಟಲೆ ಫೀಸು ಕಟ್ಟಿದ ಮೇಲೆ ಇಲ್ಲಿ ತಡೆ ಬಂದರೆ ಏನು ಮಾಡ್ತೀರಿ? ಅದಕ್ಕೇ ಇದು ಮೊದಲು.

ಎರಡನೆಯದು ಓದು. ಪಿಯುಸಿಯಲ್ಲಿ ಫಿಸಿಕ್ಸ್, ಮ್ಯಾಥ್ಸ್ ಇರಬೇಕೆಂಬುದು ಬಹುಕಾಲದ ನಿಯಮ. ಕಾಮರ್ಸ್ ಓದಿದವರು ರಾಷ್ಟ್ರೀಯ ಮುಕ್ತ ಶಾಲೆಯಲ್ಲಿ ಆ ಎರಡು ವಿಷಯ ಬರೆದುಕೊಳ್ಳುತ್ತಾ ಬಂದಿದ್ದಾರೆ. ನಿಯಮ ಸಡಿಲಿಸುವ ಮಾತು 2025ರಲ್ಲಿ ಎದ್ದಿತು. ಆದ್ದರಿಂದ ಈಗಿನ ನಿಯಮವನ್ನು ಡಿಜಿಸಿಎ ವೆಬ್‌ಸೈಟಿನಲ್ಲೇ ನೋಡಿ, ಏಜೆಂಟರ ಬಾಯಲ್ಲಿ ಕೇಳಬೇಡಿ.

ಮೂರನೆಯದು ಡಿಜಿಸಿಎ ಲಿಖಿತ ಪರೀಕ್ಷೆಗಳು: ವಾಯುಯಾನ ನಿಯಮ, ನ್ಯಾವಿಗೇಶನ್, ಹವಾಮಾನ, ವಿಮಾನದ ತಾಂತ್ರಿಕ ವಿಷಯ. ಪಾಸಾಗಲು ನೂರಕ್ಕೆ 70 ಬೇಕು. ಪುಸ್ತಕ, ಕೋಚಿಂಗ್ ಖರ್ಚು ಹಾರಾಟದ ಖರ್ಚಿನ ಮುಂದೆ ಏನೂ ಅಲ್ಲ. ಕಾಲೇಜಿನ ಕೊನೆ ವರ್ಷ, ರಜೆಯಲ್ಲಿ ಇವಕ್ಕೆ ಕೂರಲಿ. ಫಲಿತಾಂಶಕ್ಕೆ ವಾಯಿದೆ ಇರುವುದರಿಂದ ತೀರಾ ಮುಂಚೆಯೂ ಬೇಡ. ಇವನ್ನು ಹಟ ಹಿಡಿದು ಪಾಸು ಮಾಡಿದಳು ಅಂದರೆ ಅವಳ ಆಸೆ ಸಿನಿಮಾ ನೋಡಿ ಹುಟ್ಟಿದ್ದಲ್ಲ ಅಂತ ನಿಮಗೂ ಖಾತ್ರಿಯಾಗುತ್ತದೆ.

ಆಮೇಲಷ್ಟೇ ಹಾರಾಟದ ಶಾಲೆ. ಜಕ್ಕೂರೇ ಆಗಲಿ, ಉತ್ತರ ಪ್ರದೇಶದ ಫುರ್ಸತ್‌ಗಂಜ್‌ನ ಇಂದಿರಾಗಾಂಧಿ ಅಕಾಡೆಮಿಯೇ ಆಗಲಿ, ಖಾಸಗಿಯದೇ ಆಗಲಿ, ಸೇರುವ ಮೊದಲು ಖುದ್ದಾಗಿ ಹೋಗಿ ಬನ್ನಿ. ಹಾರುವ ಸ್ಥಿತಿಯಲ್ಲಿರುವ ವಿಮಾನ ಎಷ್ಟು, ಬೋಧಕರು ಎಷ್ಟು ಮಂದಿ, ಕಳೆದ ಬ್ಯಾಚಿನವರು 200 ಗಂಟೆ ಮುಗಿಸಲು ಎಷ್ಟು ತಿಂಗಳು ಹಿಡಿಯಿತು ಅಂತ ಈಗ ಕಲಿಯುತ್ತಿರುವ ಮಕ್ಕಳನ್ನೇ ಕೇಳಿ. ಪೂರ್ತಿ ಫೀಸು ಒಂದೇ ಸಲ ಕಟ್ಟಬೇಡಿ.

ದುಡ್ಡೇ ಇಲ್ಲ ಅಂದರೆ? ಡಿಗ್ರಿ ಮುಗಿಸಿದವರಿಗೆ ವಾಯುಪಡೆಯ ಎಎಫ್‌ಕ್ಯಾಟ್ ಪರೀಕ್ಷೆ ಇದೆ. ಆಯ್ಕೆಯಾದರೆ ತರಬೇತಿಯ ಖರ್ಚು ಸರ್ಕಾರದ್ದು. ಪಿಯುಸಿಯ ಫಿಸಿಕ್ಸ್, ಮ್ಯಾಥ್ಸ್ ಇಲ್ಲೂ ಬೇಕು, ವಯಸ್ಸಿನ ಮಿತಿಯೂ ಇದೆ.

ಏನೇ ಆಗಲಿ, ಡಿಗ್ರಿ ಬಿಡಿಸಬೇಡಿ. ಲೈಸೆನ್ಸ್ ಕೈಗೆ ಬಂದ ಮಾತ್ರಕ್ಕೆ ಕೆಲಸ ಬಂತು ಅಂತಲ್ಲ. 2012ರಲ್ಲಿ ಕಿಂಗ್‌ಫಿಶರ್, 2019ರಲ್ಲಿ ಜೆಟ್ ಏರ್‌ವೇಸ್ ಹಾರಾಟ ನಿಲ್ಲಿಸಿದಾಗ ಅನುಭವಿ ಪೈಲಟ್‌ಗಳೇ ಕೆಲಸ ಕಳೆದುಕೊಂಡರು. ಅಂಥ ಹೊತ್ತಿನಲ್ಲಿ ಕೈ ಹಿಡಿಯುವುದು ಇನ್ನೊಂದು ವಿದ್ಯೆ.

ಇನ್ನೊಂದು ಮಾತು. ಮಗನ ಸೀಟಿಗೆ, ಮಗಳ ಮದುವೆಗೆ ಸಾಲ ಮಾಡುವಾಗ ನಾವು ಇಷ್ಟೆಲ್ಲ ಲೆಕ್ಕ ಹಾಕ್ತೀವಾ? ಮಗಳ ಓದಿಗೂ ಲೆಕ್ಕ ಹಾಕಿ, ತಪ್ಪಿಲ್ಲ. ಆದರೆ ಆ ಲೆಕ್ಕದ ಪುಸ್ತಕವನ್ನು ಅವಳ ಎದುರೇ ಬಿಚ್ಚಿ. ತೋಟದ ಆದಾಯ ಎಷ್ಟು, ಸಾಲ ಎಷ್ಟು, ಕಂತು ಎಷ್ಟು ಅಂತ ಅವಳಿಗೂ ಗೊತ್ತಿರಲಿ. ಮೂರು ಮೆಟ್ಟಿಲನ್ನೂ ಹತ್ತಿ ಬಂದ ಮೇಲೆ ಅವಳು ಮತ್ತೆ ಕೇಳಿದರೆ, ಆಗ ಬ್ಯಾಂಕಿಗೆ ಅವಳ ಜೊತೆ ನೀವೇ ಹೋಗಿ.